ಎರಡನೆಯ ಫ್ರೀಜರಿನ ನಾಣ್ಯ

"ಇದು ಅಪ್ಪ ಇಟ್ಟ ನಾಣ್ಯ ಅಲ್ಲ, ಆಂಟಿ," ಎಂದಳು ಹುಡುಗಿ.

ಅವಳನ್ನು ಹುಡುಗಿ ಎನ್ನುವುದು ರೂಢಿ, ಅಷ್ಟೇ. ಮೂವತ್ತೊಂದು ವರ್ಷ. ಊರಿನ ಅತಿ ಉದ್ದದ ಬಸ್ಸು ಓಡಿಸುತ್ತಾಳೆ, ತಿರುವಿನಲ್ಲಿ ಪ್ರಯಾಣಿಕರು ಮಾತು ನಿಲ್ಲಿಸಿ ಕಂಬಿ ಹಿಡಿದುಕೊಳ್ಳುತ್ತಾರೆ. ಆದರೆ ಅವಳ ಅಪ್ಪ ಕೊನೆಯವರೆಗೂ "ನಮ್ಮ ಹುಡುಗಿ" ಎನ್ನುತ್ತಿದ್ದರಿಂದ ಈ ಸಂಸ್ಥೆಯಲ್ಲಿ ಎಲ್ಲರಿಗೂ ಅವಳು ಹುಡುಗಿಯೇ.

ಅಪ್ಪ ಎಂದರೆ ಐಸ್ ಮಾವ. ಮೆದುಳಿನ ಕಾಯಿಲೆಗಳನ್ನು ಅಭ್ಯಾಸ ಮಾಡುವ ಈ ಸಂಸ್ಥೆಯಲ್ಲಿ ಫ್ರೀಜರುಗಳ ಉಸ್ತುವಾರಿ ಅವರದಾಗಿತ್ತು. ಹದಿಮೂರು ದಿನದ ಹಿಂದೆ, ಮಂಗಳವಾರ ಮಧ್ಯಾಹ್ನ, ಪಕ್ಕದ ನೈಟ್ರೋಜನ್ ಕೋಣೆಯಲ್ಲಿ ಅವರು ಸತ್ತು ಬಿದ್ದಿದ್ದರು. ಪೊಲೀಸರು ಅಪಘಾತ ಎಂದು ಬರೆದು ಕೈ ತೊಳೆದುಕೊಂಡರು. ಮಗಳು ನನ್ನ ಬಾಗಿಲು ತಟ್ಟಿದಳು.

ಕೋಣೆಯ ತುಂಬ ನೈಟ್ರೋಜನ್ ಸೋರಿದರೆ ಗಾಳಿ ಇದ್ದ ಹಾಗೇ ಇರುತ್ತದೆ, ಅದರಲ್ಲಿ ಆಮ್ಲಜನಕ ಮಾತ್ರ ಇರುವುದಿಲ್ಲ. ಉಸಿರು ಕಟ್ಟಿದ್ದೂ ಗೊತ್ತಾಗದೆ ಮನುಷ್ಯ ಕುಸಿಯುತ್ತಾನೆ. ಅದಕ್ಕೆಂದೇ ಗೋಡೆಯ ಮೇಲೆ ಕೂಗುವ ಪೆಟ್ಟಿಗೆಯೊಂದಿದೆ. ಆ ದಿನ ಅದರ ಪ್ಲಗ್ಗನ್ನು ಯಾರೋ ಕಿತ್ತಿದ್ದರು.

ನಾನು ಇಪ್ಪತ್ತಾರು ವರ್ಷ ಪೊಲೀಸರ ಬೆರಳಚ್ಚು ವಿಭಾಗದಲ್ಲಿ ಕೂತವಳು. ಪ್ಲಗ್ಗಿನ ಮೇಲೆ ಪುಡಿ ಹಾಕಿ ನೋಡಿದ್ದೆ. ಒಂದೇ ಬೆರಳು, ಒಂದರ ಪಕ್ಕ ಒಂದು, ಒಂದರ ಮೇಲೊಂದು, ಆರೇಳು ಸಲ. ಗೆರೆಗಳೆಲ್ಲ ಕಲಸಿಹೋಗಿ ಗುರುತಿಗೆ ಬರುವಂತಿರಲಿಲ್ಲ. ಅವಸರದಲ್ಲಿ ಕಿತ್ತಿದ್ದಾನೆ, ಒಂದೇ ಏಟಿಗೆ ಬಂದಿಲ್ಲ ಎಂದುಕೊಂಡಿದ್ದೆ.

ಉಳಿದದ್ದು ಐಸ್ ಮಾವನ ನೋಟ್‌ಬುಕ್ಕಿನ ಕೊನೆಯ ಸಾಲು: "ಎರಡನೆಯದರ ನಾಣ್ಯ ನನ್ನದಲ್ಲ."

ಆ ಸಾಲಿನ ಬಾಲ ಹಿಡಿದೇ ನಾವಿಬ್ಬರೂ ಈಗ ನೆಲಮಾಳಿಗೆಯಲ್ಲಿ ನಿಂತಿದ್ದೆವು. ಬೆಳಗಿನ ಹತ್ತೂವರೆ. ಎದುರಿಗೆ ಬೀರುವಿನಷ್ಟು ಎತ್ತರದ ಎರಡು ಫ್ರೀಜರುಗಳು, ಅವುಗಳ ಮೇಲಿನ ಗೋಡೆಯಲ್ಲಿ ನೀಲಿ ಬಣ್ಣದ ಎರಡು ಅಂಕಿಗಳು. ಒಂದು, ಎರಡು. ಅಂಚು ಕೂದಲೆಳೆಯಷ್ಟೂ ಅಲುಗದ ಅಂಕಿಗಳು. ಬರೆದವರು ನಮ್ಮವರು, ನನ್ನ ಗಂಡ. ಬೋರ್ಡ್ ಬರೆಯುವುದು ಅವರ ಕಸುಬು, ಈ ಊರಿನ ಅರ್ಧ ಅಂಗಡಿಗಳ ಹೆಸರು ಅವರ ಕೈಯಲ್ಲೇ ಹುಟ್ಟಿದ್ದು.

ಈಗ ಆ ಕೈ ಅಂಗಿಯ ಗುಂಡಿ ಹಾಕಲಾರದು. ಪಾರ್ಕಿನ್ಸನ್ಸ್. ಈ ಸಂಸ್ಥೆಯವರೇ ಪ್ರಯೋಗಕ್ಕೆಂದು ಕೊಡುವ ಹಳದಿ ಮಾತ್ರೆಯನ್ನು ವರ್ಷದಿಂದ ನುಂಗುತ್ತಿದ್ದಾರೆ. ಆ ಮಾತ್ರೆಯೊಂದನ್ನು ಬಿಟ್ಟರೆ ನಮ್ಮ ಮನೆಯಲ್ಲಿ ನಂಬುವುದಕ್ಕೆ ಬೇರೇನೂ ಉಳಿದಿಲ್ಲ.

"ಅಪ್ಪನದಲ್ಲ ಅಂತ ಹೇಗೆ ಹೇಳ್ತೀಯ?" ಎಂದೆ.

ಹುಡುಗಿ ಎರಡು ಬಿಳಿ ಪ್ಲಾಸ್ಟಿಕ್ ಡಬ್ಬಿಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಳು. ಎರಡರಲ್ಲೂ ಗಟ್ಟಿಯಾದ ಐಸು, ಐಸಿನ ಮೇಲೊಂದು ನಾಣ್ಯ. ಇದು ಐಸ್ ಮಾವನದೇ ಉಪಾಯ. ಡಬ್ಬಿಯಲ್ಲಿ ನೀರು ಹೆಪ್ಪುಗಟ್ಟಿಸಿ, ಮೇಲೆ ನಾಣ್ಯ ಇಟ್ಟು, ಮುಚ್ಚಳ ಹಾಕಿ ಫ್ರೀಜರಿನೊಳಗೆ ಇಟ್ಟುಬಿಡುವುದು. ಯಾರೂ ಇಲ್ಲದಾಗ ಫ್ರೀಜರು ನಿಂತು, ಒಳಗಿದ್ದದ್ದೆಲ್ಲ ಕರಗಿ, ಮತ್ತೆ ಶುರುವಾಗಿ ಗಟ್ಟಿಯಾಯಿತು ಎನ್ನಿ. ನೋಡುವವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ನಾಣ್ಯ ಮಾತ್ರ ನೀರಿನಲ್ಲಿ ಮುಳುಗಿ ತಳ ಸೇರಿರುತ್ತದೆ.

"ನಾನು ಹುಟ್ಟಿದ ಇಸವಿಯ ನಾಣ್ಯಾನೇ ಹುಡುಕಿ ಹುಡುಕಿ ಹಾಕಿದ್ರು ಅಪ್ಪ. ಎಂಟು ವರ್ಷದ ಹಿಂದೆ, ಈ ಫ್ರೀಜರುಗಳು ಬಂದಾಗ. 'ನಮ್ಮ ಹುಡುಗೀನ ಕಾವಲಿಗೆ ನಿಲ್ಸಿದೀನಿ' ಅಂತ ಎಲ್ರಿಗೂ ಹೇಳೋರು." ಅವಳು ಮೊದಲ ಡಬ್ಬಿಯ ನಾಣ್ಯ ತೋರಿಸಿದಳು. "ಇದು ಸರಿ ಇದೆ. ಇನ್ನೊಂದರ ಇಸವಿ ನೋಡಿ."

ನೋಡಿದೆ. ಆ ನಾಣ್ಯ ಟಂಕಸಾಲೆಯಿಂದ ಹೊರಬಿದ್ದು ನಾಲ್ಕೇ ವರ್ಷವಾಗಿತ್ತು. ಎಂಟು ವರ್ಷದ ಹಿಂದೆ ಡಬ್ಬಿಯೊಳಗೆ ಅದು ಇರಲು ಸಾಧ್ಯವೇ ಇರಲಿಲ್ಲ.

"ನಲ್ಲಿ ಬಿಡು," ಎಂದೆ.

ಎರಡನೆಯ ಡಬ್ಬಿಯನ್ನು ತೊಟ್ಟಿಯಲ್ಲಿ ಮಗುಚಿ ಬಿಸಿನೀರು ಬಿಟ್ಟೆವು. ಐಸಿನ ಉಂಡೆ ಜಾರಿ ಬಿತ್ತು. ಉಂಡೆ ಸವೆಯುತ್ತ ಬಂದು, ಅದರ ತಳದಿಂದ ಇನ್ನೊಂದು ನಾಣ್ಯ ಕಳಚಿ ತೊಟ್ಟಿಗೆ ಬಿದ್ದು ಟಣ್ ಎಂದಿತು.

ಹುಡುಗಿ ಅದನ್ನು ಎತ್ತಿ ಇಸವಿ ಓದಿದಳು. ಅವಳು ಹುಟ್ಟಿದ ಇಸವಿ. ತುಟಿ ಕಚ್ಚಿಕೊಂಡಳು, ಆದರೂ ಕಣ್ಣು ತುಂಬಿತು.

ಫ್ರೀಜರು ಒಮ್ಮೆ ಪೂರ್ತಿ ಕರಗಿತ್ತು. ಆಮೇಲೆ ಯಾರೋ ಹೊಸ ನಾಣ್ಯವೊಂದನ್ನು ಐಸಿನ ಮೇಲಿಟ್ಟು, ಏನೂ ಆಗಿಲ್ಲ ಎನ್ನಿಸಿದ್ದರು. ಐಸ್ ಮಾವ ಪ್ರತಿ ವಾರ ಮುಚ್ಚಳ ತೆಗೆದು, ನಾಣ್ಯ ಮೇಲಿರುವುದನ್ನು ಕಂಡು, ಸರಿ ಇದೆ ಎಂದು ಬರೆಯುತ್ತ ಹೋಗಿದ್ದರು. ಮಗಳೆಂಬ ಭರವಸೆಯಲ್ಲಿ ಇಸವಿ ನೋಡಿರಲಿಲ್ಲ.

ಮೇಲಿದ್ದ ನಾಣ್ಯವನ್ನು ಕರವಸ್ತ್ರದಲ್ಲಿ ಎತ್ತಿಕೊಂಡೆ. ಅಂಚು ಒಂದು ಕಡೆ ಸ್ವಲ್ಪ ಬಗ್ಗಿತ್ತು, ತುಕ್ಕಿನಂಥ ಕೆಂಪು ಹತ್ತಿತ್ತು. ಕಾಗದದ ಲಕೋಟೆಗೆ ಹಾಕಿ ಚೀಲದಲ್ಲಿಟ್ಟೆ.

"ಏನ್ ನಡೀತಿದೆ ಇಲ್ಲಿ?"

ಬಾಗಿಲಲ್ಲಿ ದೊಡ್ಡ ಮೇಡಂ ನಿಂತಿದ್ದರು. ಸಂಸ್ಥೆಯ ಮುಖ್ಯಸ್ಥೆ, ಹಳದಿ ಮಾತ್ರೆಯ ತಾಯಿ. ಬಿಳಿ ಕೋಟು, ಕೊರಳಲ್ಲಿ ಕನ್ನಡಕ, ಮುಖದಲ್ಲಿ ನಮ್ಮಂಥವರನ್ನು ಹೊರಗೆ ಕಳಿಸಿ ಅಭ್ಯಾಸವಿರುವ ಕಳೆ.

"ಫ್ರೀಜರಿನ ಸಾಮಾನು ಮುಟ್ಟೋಕೆ ಅಪ್ಪಣೆ ಕೊಟ್ಟೋರು ಯಾರು?"

"ಸತ್ತವರ ಸಾಮಾನು, ಮೇಡಂ. ಮಗಳು ಒಯ್ತಿದಾಳೆ. ನಿಮ್ಮ ಆಫೀಸೇ ಪಟ್ಟಿಗೆ ಸಹಿ ಹಾಕಿದೆ. ಚಪ್ಪಲಿ ಒಂದು ಜೊತೆ, ಟೀ ಲೋಟ ಒಂದು, ಪ್ಲಾಸ್ಟಿಕ್ ಡಬ್ಬಿ ಎರಡು."

ಅವರ ಕಣ್ಣು ತೊಟ್ಟಿಯ ಕಡೆ ಹೊರಳಿತು. ನಾನು ಹುಡುಗಿಯ ಅಂಗೈ ಹಿಡಿದು ಮುಂದೆ ಚಾಚಿಸಿದೆ.

"ಇದು ತಳದಲ್ಲಿತ್ತು. ಇನ್ನೊಂದು ಮೇಲಿತ್ತು. ಎರಡನೇ ಡಬ್ಬಿ."

ಮೇಡಂಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕೈಯಿಂದ ಗೋಡೆ ಸವರುತ್ತ ಹಿಂದೆ ಸರಿದು, ಒಂದು ಖಾಲಿ ರಟ್ಟಿನ ಪೆಟ್ಟಿಗೆಯ ಮೇಲೆ ಕೂತರು. ಪೆಟ್ಟಿಗೆ ಅರ್ಧ ಕುಸಿಯಿತು. ಅವರು ಏಳಲಿಲ್ಲ.

"ಎರಡನೇ ಫ್ರೀಜರ್‌ನಲ್ಲಿ ಏನಿದೆ, ಮೇಡಂ?"

"ಪಾರ್ಕಿನ್ಸನ್ಸ್ ಇದ್ದೋರ ಮೆದುಳು. ಸತ್ತ ಮೇಲೆ ಮನೆಯೋರು ದಾನ ಕೊಟ್ಟಿದ್ದು."

"ಒಂದನೇದ್ರಲ್ಲಿ?"

"ಕಾಯಿಲೆ ಇಲ್ಲದೋರದ್ದು. ಹೋಲಿಸಿ ನೋಡೋಕೆ."

"ಎರಡನ್ನೂ ಬೇರೆ ಬೇರೆ ಯಾಕಿಟ್ರಿ?"

ಅವರು ನನ್ನನ್ನೇ ನೋಡಿದರು. ಆ ಪ್ರಶ್ನೆಯನ್ನು ಎಂಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲ ಎಂದು ಮುಖವೇ ಹೇಳುತ್ತಿತ್ತು.

"ಅಚ್ಚುಕಟ್ಟಾಗಿರ್ಲಿ ಅಂತ," ಎಂದರು. "ಅದು ಇದು ಬೆರೆತುಹೋಗಬಾರದು ಅಂತ. ಬೆರೆಸಿ ಇಟ್ಟಿದ್ರೆ ಕರಗಿದ್ರೂ ಎರಡೂ ಒಟ್ಟಿಗೆ ಕೆಡ್ತಿದ್ವು. ನಮಗೆ ತಕ್ಷಣ ಗೊತ್ತಾಗ್ತಿತ್ತು."

ವರ್ಷದ ಹಿಂದೆ ಇದೇ ಮೇಡಂ ಮೇಲಿನ ಕೋಣೆಯಲ್ಲಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬಿಡಿಸಿದ್ದರು. ಪ್ರತಿ ಜೀವಕೋಶದೊಳಗೂ ಮೈಟೋಕಾಂಡ್ರಿಯ ಎಂಬ ಪುಟ್ಟ ಒಲೆಗಳಿವೆಯಂತೆ. ನಾವು ಎಳೆದುಕೊಂಡ ಉಸಿರು ಕೊನೆಗೆ ಖರ್ಚಾಗುವುದು ಅಲ್ಲಿ. ಒಲೆಯೊಳಗೆ ಕಿಣ್ವಗಳು ಸಾಲಾಗಿ ಕೂತು ಒಂದರಿಂದ ಒಂದಕ್ಕೆ ಕೆಲಸ ದಾಟಿಸುತ್ತವೆ. ಸಾಲಿನಲ್ಲಿ ಮೊದಲು ಕೂತಿರುವ ದೊಡ್ಡ ಕಿಣ್ವದ ಹೆಸರು ಕಾಂಪ್ಲೆಕ್ಸ್ ಒನ್. ಅದು ಕೈ ಕೊಟ್ಟರೆ ಕೋಶಕ್ಕೆ ಬಲ ಸಾಲದು. ಮೆದುಳಿನ ಬುಡದಲ್ಲಿ, ನಮ್ಮ ಚಲನೆಯನ್ನು ಅಂಕೆಯಲ್ಲಿಡುವ ಕಪ್ಪು ಕೋಶಗಳಿವೆ. ಸಾಯುವುದರಲ್ಲಿ ಅವೇ ಮುಂದು. ಅವು ಸತ್ತಷ್ಟೂ ಕೈ ನಡುಗುತ್ತದೆ, ಕಾಲು ಎಳೆಯುತ್ತದೆ.

"ರೋಗಿಗಳಲ್ಲಿ ಈ ಕಿಣ್ವ ಮುಕ್ಕಾಲು ಪಾಲು ಕೆಲಸ ನಿಲ್ಲಿಸಿರೋದನ್ನ ನಾವು ಅಳೆದು ನೋಡಿದೀವಿ," ಎಂದಿದ್ದರು ಅಂದು. "ಈ ಮಾತ್ರೆ ಅದನ್ನ ಬಳಸಿಕೊಂಡು ಹೋಗೋ ಅಡ್ಡದಾರಿ." ನಮ್ಮವರು ಆ ಚಿತ್ರವನ್ನು ಮಡಚಿ ಜೇಬಿಗಿಟ್ಟುಕೊಂಡು ಬಂದಿದ್ದರು. ಈಗಲೂ ಮಂಚದ ಪಕ್ಕದ ಗೋಡೆಯಲ್ಲಿದೆ.

"ಕರಗಿದ್ರೆ ಆ ಕಿಣ್ವಕ್ಕೆ ಏನಾಗುತ್ತೆ?" ಎಂದೆ.

"ಸಾಯುತ್ತೆ," ಎಂದರು ಮೇಡಂ. "ಒಂದೆರಡು ದಿನ ಬೆಚ್ಚಗಿದ್ರೆ ಸಾಕು. ಕಾಯಿಲೆ ಇರ್ಲಿ ಇಲ್ಲದಿರ್ಲಿ, ಯಾರ ಮೆದುಳಾದ್ರೂ ಅಷ್ಟೇ."

"ಅಂದ್ರೆ ನೀವು ಅಳೆದಿದ್ದು..."

"ಬೇರೆ ಲ್ಯಾಬ್‌ಗಳಲ್ಲೂ ಕಡಿಮೆ ಕಂಡಿದೆ. ಅದು ಸುಳ್ಳಲ್ಲ." ಅವರ ದನಿ ಏರಿತು, ಮತ್ತೆ ಇಳಿಯಿತು. "ಅವರಿಗೆ ಕಂಡಿದ್ದು ಮೂರನೇ ಒಂದು ಪಾಲು. ನಮಗೆ ಮುಕ್ಕಾಲು. ಅವರ ಅಳತೆ ಒರಟು, ನಮ್ಮದು ನಿಖರ ಅಂದ್ಕೊಂಡೆ. ಊರೆಲ್ಲ ಹೇಳ್ಕೊಂಡು ಬಂದೆ. ಎಷ್ಟು ಕೊಡಬೇಕು ಅನ್ನೋದನ್ನೂ ಆ ಲೆಕ್ಕದ ಮೇಲೇ ಕಟ್ಟಿದ್ದು."

"ನಮ್ಮವರ ಹಳೇ ಮಾತ್ರೆನ ಅರ್ಧಕ್ಕೆ ಇಳಿಸಿದ್ರಿ."

"ಹೊಸದರ ಗುಣ ಕಾಣಬೇಕಾದ್ರೆ..."

"ನೇರವಾಗಿ ಹೇಳಿ, ಮೇಡಂ. ಒಂದು ವರ್ಷದಿಂದ ಅವರು ನುಂಗ್ತಿರೋದು ಏನು?"

ತೊಟ್ಟಿಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಹುಡುಗಿ ಹೋಗಿ ಅದನ್ನು ಬಿಗಿಯಾಗಿ ತಿರುಗಿಸಿ ಬಂದಳು.

"ಗೊತ್ತಿಲ್ಲ," ಎಂದರು ಕೊನೆಗೆ.

ನನಗೆ ಆ ಹೆಂಗಸಿನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ವರ್ಷವಿಡೀ ನಾನು ಕ್ಯಾಲೆಂಡರಿನಲ್ಲಿ ಗೀಟು ಎಳೆದದ್ದು, ಚಮಚ ಕೈಯಿಂದ ಜಾರಿದರೂ "ಹೋದ ತಿಂಗಳಿಗಿಂತ ವಾಸಿ ಅಲ್ವಾ" ಎಂದು ಅವರಿಗೂ ನನಗೂ ಸುಳ್ಳು ಹೇಳಿಕೊಂಡದ್ದು, ಎಲ್ಲ ಒಟ್ಟಿಗೆ ನೆನಪಿಗೆ ಬಂತು. ಕೈ ಎತ್ತಿದ್ದೆನೋ ಏನೋ, ಹುಡುಗಿ ನನ್ನ ತೋಳು ಹಿಡಿದಿದ್ದಳು.

"ಹೊಡೀರಿ," ಎಂದರು ಮೇಡಂ ಸಪ್ಪೆಯಾಗಿ. "ಆ ಫ್ರೀಜರಿನಲ್ಲಿ ಏಳನೇ ನಂಬರಿನ ಡಬ್ಬಿ ಇದೆಯಲ್ಲ, ಅದು ನನ್ನ ಅಮ್ಮ. ನಾನೇ ಕೈಯಾರೆ ಇಟ್ಟಿದ್ದು. ಅವಳಿಂದ ನಾಲ್ಕು ಜನಕ್ಕಾದ್ರೂ ಒಳ್ಳೇದಾಗ್ಲಿ ಅಂತ. ಅವಳೂ ಕರಗಿಹೋದ್ಲು ಹಾಗಾದ್ರೆ."

ಅದಾದ ಮೇಲೆ ಯಾರ ಕೆನ್ನೆಗೆ ಬಾರಿಸುವುದು? ನಾನೂ ನೆಲದ ಮೇಲೆ ಕೂತೆ. ಮೂರು ಹೆಂಗಸರು, ಎರಡು ಫ್ರೀಜರು, ಅವುಗಳ ಗುಂಯ್‌ ಸದ್ದು. ಪತ್ತೇದಾರಿಕೆ ಮಾಡಿ ಇಷ್ಟು ಸೋತದ್ದು ನನಗೆ ನೆನಪಿಲ್ಲ. ಆದರೂ ಹಳೆಯ ಅಭ್ಯಾಸ, ಬಾಯಿ ತಾನಾಗಿ ಕೇಳಿತು.

"ಐಸ್ ಮಾವ ನಿಮಗಿದನ್ನ ಹೇಳಿದ್ರಾ?"

"ಆ ಮಂಗಳವಾರ ಹನ್ನೊಂದಕ್ಕೆ ನನ್ನ ರೂಮಿಗೆ ಬಂದಿದ್ರು. ಪ್ರಯೋಗದ ತಪಾಸಣೆ ದಿನ, ಹೊರಗೆ ಸಾಲು. ಮಧ್ಯಾಹ್ನ ಬನ್ನಿ ಅಂದೆ. ಮಧ್ಯಾಹ್ನಕ್ಕೆ ಅವರೇ ಇರ್ಲಿಲ್ಲ."

"ಏನಂದ್ರು?"

"'ದೊಡ್ಡ ತಪ್ಪಾಗಿದೆ ಮೇಡಂ. ಯಾರಿಂದ ಅಂತಾನೂ ಗೊತ್ತಾಗಿದೆ. ಇವತ್ತು ಇಲ್ಲಿಗೇ ಬಂದಿದಾನೆ. ಅವನನ್ನೇ ಕರ್ಕೊಂಡು ಬರ್ತೀನಿ, ಅವನ ಬಾಯಲ್ಲೇ ಕೇಳಿ' ಅಂದ್ರು. ಏನೋ ಗಾಜು ಒಡೆದಿರಬೇಕು ಅಂದ್ಕೊಂಡೆ." ಅವರು ಹಣೆ ಒತ್ತಿಕೊಂಡರು. "ಪೊಲೀಸರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ. ಈಗ ನೋಡಿದ್ರೆ..."

ಬಂದಿದ್ದಾನೆ. ಅಂದರೆ ದಿನಾ ಬರುವವನಲ್ಲ.

"ಮಂಗಳವಾರ ಮಂಗಳವಾರ ಬರೋ ಗಂಡಸರು ಯಾರಿದಾರೆ?"

"ಕರೆಂಟ್ ಮೇಸ್ತ್ರಿ," ಎಂದಳು ಹುಡುಗಿ ತಟ್ಟನೆ. "ಜನರೇಟರ್ ನೋಡೋಕೆ ಬರ್ತಾನೆ. ಅಪ್ಪಂಗೂ ಅವನಿಗೂ ಆಗ್ತಿರ್ಲಿಲ್ಲ."

"ಫ್ರೀಜರ್ ಕರಗೋದು ಅಂದ್ರೆ ಕರೆಂಟ್ ಹೋಗಬೇಕು. ಬಿಸಿಯಾದ್ರೆ ಕೂಗೋ ಅಲಾರಂ ಅದಕ್ಕೂ ಇದೆ," ಎಂದರು ಮೇಡಂ. "ಕೇಳೋಕೆ ಜನ ಇರಬೇಕಲ್ಲ. ನಾಲ್ಕು ವರ್ಷದ ಹಿಂದೆ ಇಡೀ ಕಟ್ಟಡ ನಾಲ್ಕು ದಿನ ಮುಚ್ಚಿತ್ತು. ವೈರಿಂಗು, ಸುಣ್ಣ ಬಣ್ಣ ಎಲ್ಲ ಆಗಲೇ ಮಾಡಿಸಿದ್ದು. ಅದಾದ ಮುಂದಿನ ತಿಂಗಳೇ ನಾವು ಕಿಣ್ವ ಅಳೆದಿದ್ದು."

ಮೇಸ್ತ್ರಿ. ಹೆಸರು ಸಿಕ್ಕಿದ್ದೇ ತಡ ನನ್ನ ಮನಸ್ಸು ಅದನ್ನು ಗಬಕ್ಕನೆ ಹಿಡಿದುಕೊಂಡಿತು. ಬೈಯಲು ಒಂದು ಮುಖ ಸಿಕ್ಕಿತಲ್ಲ ಎಂಬ ಸಮಾಧಾನ. ಆ ಸಮಾಧಾನದಲ್ಲಿ "ಸುಣ್ಣ ಬಣ್ಣ" ಎಂಬ ಮಾತು ನನ್ನ ಕಿವಿಯ ಪಕ್ಕದಲ್ಲೇ ಹಾದುಹೋಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆಯಾಗುತ್ತದೆ.

"ಮಾತ್ರೆ ನಿಲ್ಲಿಸ್ಬೇಕಾ?" ಎಂದು ಹೊರಡುವಾಗ ಕೇಳಿದೆ.

"ಒಮ್ಮೆಲೇ ಬೇಡ. ಸಂಜೆ ನಾನೇ ಫೋನ್ ಮಾಡ್ತೀನಿ. ಪ್ರಯೋಗದಲ್ಲಿರೋ ನಲವತ್ತೆರಡು ಮನೆಗೂ ಮಾಡ್ಬೇಕು." ಅವರು ಇನ್ನೂ ಆ ಕುಸಿದ ಪೆಟ್ಟಿಗೆಯ ಮೇಲೇ ಕೂತಿದ್ದರು.

ಮನೆ ಸೇರಿದಾಗ ನಾಲ್ಕು ಗಂಟೆ. ನಮ್ಮವರು ಕಿಟಕಿಯ ಬಳಿ ಕುರ್ಚಿಯಲ್ಲಿದ್ದರು. ಮುಂದೆ ಗಾಜಿನ ಲೋಟದಲ್ಲಿ ನೀರು, ತೊಡೆಯ ಮೇಲೆ ಹಳೆಯ ತಗಡಿನ ಬೋರ್ಡು, ಅದರ ಮೇಲೆ ಸೀಮೆಸುಣ್ಣದಿಂದ ಎಳೆದ ಗೆರೆಗಳು. ನೆಟ್ಟಗೆ ಒಂದು ಗೆರೆ ಬಂದರೆ ಸಾಕೆಂದು ದಿನವೂ ಮಧ್ಯಾಹ್ನ ಕೂರುತ್ತಾರೆ. ಇಂದೂ ಬಂದಿರಲಿಲ್ಲ.

"ಲೇಟಾಯ್ತಲ್ಲೇ," ಎಂದರು.

"ಕೆಲಸ ಇತ್ತು. ಊಟ ಮಾಡಿದ್ರಾ?"

"ನೆಲ ಅರ್ಧ ಮಾಡ್ತು, ನಾನರ್ಧ ಮಾಡಿದೆ."

ನಕ್ಕೆ. ನಗದಿದ್ದರೆ ಅತ್ತುಬಿಡುತ್ತಿದ್ದೆ. ಮಾತ್ರೆಯ ವಿಷಯ ಹೇಳಲು ಬಾಯಿ ಬರಲಿಲ್ಲ. ಮೊದಲು ಮೇಸ್ತ್ರಿಯ ಬೆರಳಾದರೂ ಸಿಗಲಿ ಎಂದು ಅಡುಗೆಮನೆಯ ಮೇಜಿನ ಮೇಲೆ ಲಕೋಟೆ ಬಿಚ್ಚಿ, ಭೂತಗನ್ನಡಿ ಹಿಡಿದು, ಆ ಹೊಸ ನಾಣ್ಯವನ್ನು ನೋಡಲು ಕೂತೆ.

ಬೆರಳ ಗುರುತು ಏನೂ ಉಳಿದಿರಲಿಲ್ಲ. ಬಗ್ಗಿದ ಅಂಚಿನ ಕೆಂಪನ್ನು ಸೂಜಿಯಿಂದ ಕೆರೆದೆ. ತುಕ್ಕಾಗಿದ್ದರೆ ಪುಡಿಯಾಗಬೇಕಿತ್ತು. ಇದು ಸಣ್ಣ ಚಕ್ಕೆಯಾಗಿ ಎದ್ದಿತು. ಚಕ್ಕೆಯ ಕೆಳಗೆ ಬಿಳಿ. ಬಿಳಿಯ ಕೆಳಗೆ ನೀಲಿ.

ಬಣ್ಣ. ಪದರ ಪದರವಾಗಿ ಒಣಗಿದ ಎಣ್ಣೆ ಬಣ್ಣ.

ನಮ್ಮ ಮನೆಯ ಒಗೆಯುವ ಕಲ್ಲಿನ ಪಕ್ಕ ಒಂದು ಬಟ್ಟಲಿದೆ. ಮೂವತ್ತು ವರ್ಷದಿಂದ ಅವರ ಅಂಗಿಗಳನ್ನು ನೆನೆಹಾಕುವ ಮುಂಚೆ ಜೇಬಿನಿಂದ ತೆಗೆದ ನಾಣ್ಯಗಳನ್ನು ನಾನು ಅದರಲ್ಲಿ ಹಾಕುತ್ತ ಬಂದಿದ್ದೇನೆ. ಅಂಗಡಿಯವರು ಮುಟ್ಟದ ನಾಣ್ಯಗಳು. ಬಣ್ಣದ ಡಬ್ಬದ ಮುಚ್ಚಳ ಎಬ್ಬಿಸಲು ನಮ್ಮವರು ಎಂದೂ ಬೇರೆ ಸಲಕರಣೆ ಹಿಡಿದವರಲ್ಲ, ಜೇಬಿನ ನಾಣ್ಯವೇ ಆಗಬೇಕು. ಎಷ್ಟು ರೇಗಿದರೂ ಬಿಟ್ಟಿರಲಿಲ್ಲ. ಬಟ್ಟಲನ್ನು ತಂದು ಮೇಜಿನ ಮೇಲೆ ಸುರಿದೆ. ಎಲ್ಲದರ ಅಂಚೂ ಬಗ್ಗಿತ್ತು, ಎಲ್ಲದಕ್ಕೂ ಬಣ್ಣ ಮೆತ್ತಿತ್ತು.

ಗೋಡೆಯ ಮೇಲಿನ ನೀಲಿ ಅಂಕಿಗಳು ಕಣ್ಣೆದುರು ಬಂದವು. ಕಟ್ಟಡ ಮುಚ್ಚಿದ್ದ ನಾಲ್ಕು ದಿನ. ಫ್ರೀಜರನ್ನು ಮುಂದಕ್ಕೆ ಎಳೆದರಷ್ಟೇ ಗೋಡೆಗೆ ಕುಂಚ ತಾಗುತ್ತದೆ. ಎಳೆಯಬೇಕಾದರೆ ಪ್ಲಗ್ಗು ತೆಗೆಯಬೇಕು. ಎರಡನೆಯದಕ್ಕೆ ಮತ್ತೆ ಪ್ಲಗ್ಗು ಹಾಕಲು ಮರೆತಿದ್ದಾರೆ.

ಆಮೇಲೆ ಆ ಮಂಗಳವಾರ ನೆನಪಾಯಿತು. ತಪಾಸಣೆ ದಿನ. ಹೊರಗಿನ ಬೆಂಚಿನಲ್ಲಿ ಕೂತು ಕಾದವಳು ನಾನೇ. ಅರ್ಧ ಗಂಟೆಯ ಕೆಲಸಕ್ಕೆ ಅವರು ಒಂದೂಕಾಲು ಗಂಟೆ ತೆಗೆದುಕೊಂಡು ಬಂದಿದ್ದರು. ಪಾಯಿಖಾನೆಗೆ ಹೋಗಿದ್ದೆ, ಗುಂಡಿ ಹಾಕಿಕೊಳ್ಳಲು ಹೊತ್ತಾಯಿತು ಎಂದಿದ್ದರು. ಅಯ್ಯೋ ಪಾಪ ಎಂದು ದಾರಿಯುದ್ದಕ್ಕೂ ಕೈ ಹಿಡಿದು ಕರೆತಂದಿದ್ದೆ.

ನಾಣ್ಯವನ್ನು ತೆಗೆದುಕೊಂಡು ಹೋಗಿ ಅವರ ತೊಡೆಯ ಮೇಲಿನ ಬೋರ್ಡಿನ ಮೇಲಿಟ್ಟೆ. ಎಲ್ಲಿ ಸಿಕ್ಕಿತೆಂದು ಹೇಳಲಿಲ್ಲ. ಅದೊಂದನ್ನೇ ಇಟ್ಟೆ.

ಅವರು ಅದನ್ನು ನೋಡಿದರು. ಎತ್ತಲು ಹೋದರು, ಬೆರಳಿಗೆ ಹತ್ತಲಿಲ್ಲ.

"ಕೆಳಗಿದ್ದದ್ದೂ ಸಿಕ್ತಾ?" ಎಂದರು.

ಅವರ ಮುಂದಿದ್ದ ಗಾಜಿನ ಲೋಟಕ್ಕೆ ಕಿಟಕಿಯ ಬಿಸಿಲು ಬಿದ್ದಿತ್ತು. ಅದರ ಮೈಮೇಲೆ ಒಂದೇ ಬೆರಳು, ಒಂದರ ಪಕ್ಕ ಒಂದು, ಒಂದರ ಮೇಲೊಂದು, ಆರೇಳು ಸಲ. ಅವಸರದ ಕೈಯಲ್ಲ ಅದು. ನಡುಗುವ ಕೈ.

ಕರವಸ್ತ್ರ ತೆಗೆದು, ಲೋಟದ ಬಾಯಂಚು ಹಿಡಿದು, ಮೆಲ್ಲಗೆ ಎತ್ತಿಕೊಂಡೆ. ಇಪ್ಪತ್ತಾರು ವರ್ಷದಿಂದ ನಾನು ಹಾಗೆ ಲೋಟ ಎತ್ತುವುದನ್ನು ಅವರು ನೋಡಿದ್ದಾರೆ. ಯಾಕೆಂದು ಕೇಳಲಿಲ್ಲ.

"ನೀರು ಚೆಲ್ಲಿ ತೊಗೊಂಡು ಹೋಗು," ಎಂದರು. "ಪ್ಲಗ್ಗು ಕಿತ್ತಿದ್ದು ನಾನೇ. ಆದ್ರೆ ನಾನು ಆ ಕೋಣೆಯಿಂದ ಹೊರಗೆ ಬಂದಾಗ ಐಸ್ ಮಾವ ಬದುಕಿದ್ದ ಕಣೇ. ಅವನ ಜೊತೆ ಇನ್ನೊಬ್ಬರಿದ್ರು."

ಅಷ್ಟರಲ್ಲಿ ಫೋನು ರಿಂಗಾಯಿತು. ದೊಡ್ಡ ಮೇಡಂ ಸಂಜೆ ಮಾಡುತ್ತೇನೆ ಎಂದಿದ್ದರು, ಇನ್ನೂ ಸಂಜೆಯಾಗಿರಲಿಲ್ಲ.

"ಆ ಮೇಡಂ ಆದ್ರೆ ಎತ್ತಬೇಡ," ಎಂದರು ನಮ್ಮವರು.